ಬಾಗಿಸಿದಾಗ ಬಿಳಿಯಾದರೆ ಅದು ನಕಲಿ ಪ್ಲಾಸ್ಟಿಕ್ಕೇ? ಗಟ್ಟಿ ಪ್ಲಾಸ್ಟಿಕ್‌ಗೆ ರಬ್ಬರ್ ಬೆರೆಸುವುದರ ಅಸಲಿ ಕಥೆ

‘ಪ್ಲಾಸ್ಟಿಕ್ ವಸ್ತುವನ್ನು ಎರಡೂ ಕೈಯಲ್ಲಿ ಹಿಡಿದು ಬಾಗಿಸಿ. ಬಿಳಿ ಗೆರೆ ಬಂತಾ? ಹಾಗಾದ್ರೆ ಅದು ಸುಣ್ಣದ ಪುಡಿ, ರಬ್ಬರ್ ಬೆರೆಸಿದ ಡೂಪ್ಲಿಕೇಟ್ ಮಾಲು. ಅಸಲಿ ಪ್ಲಾಸ್ಟಿಕ್ ಕಲ್ಲಿನ ಹಾಗೆ ಗಟ್ಟಿ ಇರುತ್ತೆ, ಬಗ್ಗೋದಿಲ್ಲ. ಎಲ್ಲರಿಗೂ ಶೇರ್ ಮಾಡಿ.’

ಹೀಗೊಂದು ಮೆಸೇಜ್ ನಮ್ಮ ಮನೆಯ ವಾಟ್ಸ್‌ಆ್ಯಪ್ ಗ್ರೂಪಿಗೆ ಬಂದಿತ್ತು. ಬಕೆಟ್, ಕುರ್ಚಿಯ ಮಾತಾಗಿದ್ದರೆ ನಾನೂ ಓದಿ ಸುಮ್ಮನಾಗುತ್ತಿದ್ದೆ. ಆದರೆ ಅದಾದ ಎರಡೇ ದಿನಕ್ಕೆ ಚಿಕ್ಕಪ್ಪ ಫೋನ್ ಮಾಡಿದರು. ‘ಹೊಸ ಹೆಲ್ಮೆಟ್ ತಗೋಬೇಕು ಕಣಮ್ಮ. ಅಂಗಡಿಯವನು ಇದು ಎಬಿಎಸ್ ಅಂತಾನೆ. ನೆಟ್‌ನಲ್ಲಿ ನೋಡಿದ್ರೆ ಅದರಲ್ಲಿ ರಬ್ಬರ್ ಇದೆಯಂತೆ. ರಬ್ಬರ್ ಬೆರೆಸದೇ ಇರೋ ಗಟ್ಟಿ ಪ್ಲಾಸ್ಟಿಕ್‌ದು ಯಾವುದು ಸಿಗುತ್ತೆ ಹೇಳು’ ಎಂದರು.

ಅಂಗಡಿಯವನು ಹೇಳಿದ್ದು ಸರಿ. ಎಬಿಎಸ್ ಹೆಸರಿನ ನಡುವಿನ ‘ಬಿ’ ಅಕ್ಷರ ಬ್ಯುಟಡೈಯೀನ್ ಎಂಬ ರಾಸಾಯನಿಕದ್ದು, ಅದರಿಂದ ತಯಾರಾಗುವುದು ಒಂದು ಬಗೆಯ ರಬ್ಬರ್. ಅಂದರೆ ಎಬಿಎಸ್‌ನಲ್ಲಿ ರಬ್ಬರ್ ಇರುವುದು ನಿಜ. ಅದು ಕಲಬೆರಕೆ ಎನ್ನುವುದು ಮಾತ್ರ ಸುಳ್ಳು. ರಬ್ಬರನ್ನು ತೆಗೆದುಹಾಕಿದರೆ ಉಳಿಯುವ ಗಟ್ಟಿ ಪ್ಲಾಸ್ಟಿಕ್ ತಲೆ ಕಾಯುವ ಕೆಲಸಕ್ಕೆ ಬರುವುದಿಲ್ಲ. ಯಾಕೆ ಎಂದು ತಿಳಿಯಲು ಹೆಲ್ಮೆಟ್ಟನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಟ್ಟು, ಶಾಲೆಯ ಜಾಮಿಟ್ರಿ ಬಾಕ್ಸ್ ತೆರೆಯೋಣ.

ಗಟ್ಟಿ ಬೇರೆ, ಪೆಟ್ಟು ತಾಳುವುದು ಬೇರೆ

ಪಾರದರ್ಶಕ ಪ್ಲಾಸ್ಟಿಕ್ ಸ್ಕೇಲ್ ನೆನಪಿದೆಯಲ್ಲ? ಸ್ವಲ್ಪ ಬಾಗಿಸಿದರೆ ಬಾಗುತ್ತದೆ. ಇನ್ನೊಂಚೂರು ಬಾಗಿಸಿದರೆ ‘ಟಕ್’ ಎಂದು ಎರಡು ತುಂಡು. ಮುರಿಯುವ ಮೊದಲು ಯಾವ ಮುನ್ಸೂಚನೆಯೂ ಇಲ್ಲ. ಸೀಡಿಗಳ ಕಾಲದ ಪಾರದರ್ಶಕ ಡಬ್ಬಿಗಳೂ ಹಾಗೆಯೇ. ಕೈಜಾರಿ ಬಿದ್ದರೆ ಮೊದಲು ಹೋಗುತ್ತಿದ್ದದ್ದು ಮುಚ್ಚಳದ ಕೀಲು. ಆ ಡಬ್ಬಿಗಳನ್ನೂ ಇಂಥ ಎಷ್ಟೋ ಸ್ಕೇಲುಗಳನ್ನೂ ಮಾಡುವುದು ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್‌ನಿಂದ. ಇದನ್ನೇ ಗಾಳಿ ತುಂಬಿ ಉಬ್ಬಿಸಿದರೆ ಥರ್ಮಾಕೋಲ್.

ನಾವು ‘ಗಟ್ಟಿ’ ಎಂಬ ಒಂದೇ ಪದದಲ್ಲಿ ಮೂರು ಬೇರೆ ಬೇರೆ ಗುಣಗಳನ್ನು ಸೇರಿಸಿಬಿಡುತ್ತೇವೆ. ಉಗುರಿನಿಂದ ಕೆರೆದರೆ ಗೀರು ಬೀಳದಿರುವುದು ಒಂದು ಗುಣ. ಒತ್ತಿದರೆ ಬಾಗದಿರುವುದು ಇನ್ನೊಂದು. ಜೋರಾಗಿ ಪೆಟ್ಟು ಬಿದ್ದಾಗ ಒಡೆಯದೆ, ಆ ಪೆಟ್ಟಿನ ಶಕ್ತಿಯನ್ನು ತನ್ನೊಳಗೆ ಇಳಿಸಿಕೊಳ್ಳುವುದು ಮೂರನೆಯದು. ಗಾಜಿಗೆ ಮೊದಲ ಎರಡೂ ಧಾರಾಳವಾಗಿವೆ, ಮೂರನೆಯದು ಇಲ್ಲವೇ ಇಲ್ಲ. ಚಪ್ಪಲಿಯ ಅಟ್ಟೆಯದು ಇದಕ್ಕೆ ತದ್ವಿರುದ್ಧ. ಪಾಲಿಸ್ಟೈರೀನ್ ಗಾಜಿನ ಜಾತಿಗೆ ಸೇರಿದ್ದು. ಇಂಥ ವಸ್ತುಗಳನ್ನು ಪೆಡಸು ಎನ್ನುತ್ತಾರೆ. ಕಡಲೆ ಮಿಠಾಯಿಯ ಪಾಕ ಹದ ಮೀರಿದರೆ ಹೇಗೆ ಪಟಪಟ ಮುರಿಯುತ್ತದೋ ಹಾಗೆ.

ಪೆಡಸು ವಸ್ತು ಮುರಿಯುವುದು ದುರ್ಬಲ ಎಂಬ ಕಾರಣಕ್ಕಲ್ಲ. ಇದನ್ನು ಮೊದಲು ಲೆಕ್ಕ ಹಾಕಿ ತೋರಿಸಿದವರಲ್ಲಿ ಬ್ರಿಟನ್ನಿನ ಎಂಜಿನಿಯರ್ ಎ. ಎ. ಗ್ರಿಫಿತ್ ಪ್ರಮುಖರು. ಗಾಜಿನ ಮೇಲೆ ನಡೆಸಿದ ಪ್ರಯೋಗಗಳ ಫಲಿತಾಂಶವನ್ನು ಅವರು 1921ರಲ್ಲಿ ಪ್ರಕಟಿಸಿದರು. ಅದರ ತಿರುಳು ಇಷ್ಟು: ಯಾವ ವಸ್ತುವಿನಲ್ಲೂ ಕಣ್ಣಿಗೆ ಕಾಣದ ಸಣ್ಣ ಬಿರುಕು, ಗೀರುಗಳು ಇದ್ದೇ ಇರುತ್ತವೆ. ಎಳೆದಾಗ ಅಥವಾ ಬಾಗಿಸಿದಾಗ ಬಲವೆಲ್ಲ ಹೋಗಿ ಆ ಬಿರುಕಿನ ಚೂಪಾದ ತುದಿಯಲ್ಲಿ ಜಮಾಯಿಸುತ್ತದೆ. ತುದಿಯಲ್ಲಿರುವ ವಸ್ತು ಸ್ವಲ್ಪ ಹಿಗ್ಗಿ, ಜಾರಿ ಆ ಬಲವನ್ನು ಹಂಚಿಕೊಂಡರೆ ಬಚಾವ್. ಇಲ್ಲದಿದ್ದರೆ ಬಿರುಕು ಒಂದು ಬದಿಯಿಂದ ಇನ್ನೊಂದು ಬದಿಗೆ ಕಣ್ಣು ಮಿಟುಕಿಸುವುದರೊಳಗೆ ಓಡಿಬಿಡುತ್ತದೆ.

ಕೆರೆಯ ಏರಿಯನ್ನು ನೆನೆಸಿಕೊಳ್ಳಿ. ತುಂಬಿದ ಕೆರೆಯ ನೀರು ಒಂದೇ ಒಂದು ಕಡೆ ಸೀಳು ಮಾಡಿಕೊಂಡರೆ ಏರಿ ಒಡೆದು ಊರು ಮುಳುಗುತ್ತದೆ. ಅದೇ ನೀರನ್ನು ಹತ್ತಾರು ತೂಬುಗಳಲ್ಲಿ ಸ್ವಲ್ಪ ಸ್ವಲ್ಪವೇ ಬಿಟ್ಟರೆ ಏರಿ ನಿಲ್ಲುತ್ತದೆ. ಪಾಲಿಸ್ಟೈರೀನ್‌ಗೆ ಬೇಕಾಗಿದ್ದದ್ದು ಇಂಥ ತೂಬುಗಳು.

ಕಲಕುವುದೇ ಗುಟ್ಟು

1930ರ ದಶಕದಲ್ಲಿ ಜರ್ಮನಿ, ಅಮೆರಿಕಗಳಲ್ಲಿ ಪಾಲಿಸ್ಟೈರೀನ್ ಕಾರ್ಖಾನೆಗಳಲ್ಲಿ ತಯಾರಾಗತೊಡಗಿತು. ಅಗ್ಗ, ಹೊಳಪು, ಅಚ್ಚಿನಲ್ಲಿ ಎರಕ ಹೊಯ್ಯಲು ಸುಲಭ. ತೊಂದರೆ ಒಂದೇ, ಬಿದ್ದರೆ ಒಡೆಯುತ್ತದೆ.

ರಬ್ಬರ್ ಸೇರಿಸಿದರೆ ಹೇಗೆ ಎಂಬ ಯೋಚನೆ ಅದಕ್ಕೂ ಮೊದಲೇ ಬಂದಿತ್ತು. ರಷ್ಯಾದಿಂದ ಅಮೆರಿಕಕ್ಕೆ ಹೋಗಿ ನೆಲೆಸಿದ್ದ ರಸಾಯನ ವಿಜ್ಞಾನಿ ಇವಾನ್ ಒಸ್ಟ್ರೊಮಿಸ್ಲೆನ್‌ಸ್ಕಿ ಅವರಿಗೆ 1927ರಲ್ಲೇ ಇದರ ಪೇಟೆಂಟ್ ಸಿಕ್ಕಿತ್ತು. ಪಾಲಿಸ್ಟೈರೀನ್ ತಯಾರಾಗುವುದು ಸ್ಟೈರೀನ್ ಎಂಬ ದ್ರವದಿಂದ. ಆ ದ್ರವದಲ್ಲಿ ರಬ್ಬರನ್ನು ಕರಗಿಸಿ ನಂತರ ಗಟ್ಟಿಯಾಗಲು ಬಿಡುವುದು ಅವರ ವಿಧಾನ. ಉಪಾಯ ಸರಿಯಾಗಿತ್ತು, ಆದರೆ ಸುಮ್ಮನೆ ಬಿಟ್ಟರೆ ರಬ್ಬರ್ ಇಡೀ ಪಾತ್ರೆಯ ತುಂಬ ಬಲೆಯಂತೆ ಹೆಣೆದುಕೊಂಡು ಬಿಡುತ್ತದೆ. ಅಂಥ ಮುದ್ದೆಯನ್ನು ಕರಗಿಸಿ ಅಚ್ಚಿಗೆ ಹೊಯ್ಯಲು ಆಗುವುದಿಲ್ಲ.

1940ರ ದಶಕದ ಕೊನೆಯ ಹೊತ್ತಿಗೆ ಅಮೆರಿಕದ ಡೌ ಕಂಪನಿಯ ರಸಾಯನ ವಿಜ್ಞಾನಿಗಳು ಇದನ್ನು ಬಗೆಹರಿಸಿದರು. ಅವರು ಮಾಡಿದ್ದು ಅಡುಗೆಮನೆಯಲ್ಲಿ ಎಲ್ಲರಿಗೂ ಗೊತ್ತಿರುವ ಕೆಲಸ. ಗಟ್ಟಿಯಾಗುತ್ತಿರುವಾಗ ಬಿಡದೆ ಕಲಕಿದರು. ಕಲಕುತ್ತಿದ್ದರೆ ಒಂದು ಹಂತದಲ್ಲಿ ತಿರುವುಮುರುವು ನಡೆಯುತ್ತದೆ. ಅಲ್ಲಿಯವರೆಗೆ ರಬ್ಬರಿನ ದ್ರಾವಣದೊಳಗೆ ಪಾಲಿಸ್ಟೈರೀನ್ ಹನಿಗಳು ತೇಲುತ್ತಿದ್ದರೆ, ಆಮೇಲೆ ಪಾಲಿಸ್ಟೈರೀನ್‌ನೊಳಗೆ ರಬ್ಬರಿನ ಹನಿಗಳು ಹರಡಿಕೊಳ್ಳುತ್ತವೆ. ಗಟ್ಟಿಯಾದ ಮೇಲೆ ಆ ಹನಿಗಳೇ ಕಣಗಳಾಗಿ ಉಳಿಯುತ್ತವೆ. ಹೀಗೆ ಹುಟ್ಟಿದ್ದು ‘ಹೈ ಇಂಪ್ಯಾಕ್ಟ್ ಪಾಲಿಸ್ಟೈರೀನ್’, ಚುಟುಕಾಗಿ ಹಿಪ್ಸ್. ಫ್ರಿಜ್ಜಿನ ಒಳಗೋಡೆಯ ಬಿಳಿ ಹಾಳೆ, ಟಿವಿಯ ಹಿಂಬದಿಯ ಕವಚ, ಕೆಲವು ಮೊಸರಿನ ಕಪ್ಪುಗಳನ್ನು ಇದರಿಂದ ಮಾಡುತ್ತಾರೆ.

ಸೂಕ್ಷ್ಮದರ್ಶಕದಲ್ಲಿ ಈ ಕಣಗಳು ನೋಡಲು ಬಲು ಚೆಂದ. ಸೀತಾಫಲವನ್ನು ಅಡ್ಡ ಕೊಯ್ದರೆ ಮೆತ್ತನೆಯ ತಿರುಳಿನ ನಡುವೆ ಬೀಜಗಳು ಕಾಣುತ್ತವಲ್ಲ, ಹಾಗೆ ಒಂದೊಂದು ರಬ್ಬರ್ ಕಣದ ಒಳಗೂ ಪಾಲಿಸ್ಟೈರೀನ್‌ನ ಪುಟ್ಟ ಗುಂಡುಗಳು ಸೇರಿಕೊಂಡಿರುತ್ತವೆ. ಇದರಿಂದ ಒಂದು ದೊಡ್ಡ ಉಳಿತಾಯ. ತೂಕದಲ್ಲಿ ನೂರಕ್ಕೆ 5ರಿಂದ 10 ಭಾಗ ರಬ್ಬರ್ ಹಾಕಿದರೂ, ಹೊಟ್ಟೆಯಲ್ಲಿ ಗುಂಡು ತುಂಬಿಕೊಂಡ ಕಣಗಳು ಅದರ ಎರಡು ಮೂರು ಪಟ್ಟು ಜಾಗ ಆಕ್ರಮಿಸುತ್ತವೆ.

ಇನ್ನೊಂದು ಮುಖ್ಯ ವಿಷಯ, ರಬ್ಬರ್ ಪುಡಿಯನ್ನು ತಂದು ಸುಮ್ಮನೆ ಸುರಿದರೆ ಇದು ಆಗುವುದಿಲ್ಲ. ಕಣದ ಮೈಯಿಂದ ಹೊರಟ ಎಳೆಗಳು ಸುತ್ತಲಿನ ಪ್ಲಾಸ್ಟಿಕ್‌ನೊಂದಿಗೆ ರಾಸಾಯನಿಕವಾಗಿ ಕಸಿ ಕಟ್ಟಿರಬೇಕು, ಮಾವಿನ ಗಿಡಕ್ಕೆ ಕಸಿ ಕಟ್ಟಿದಂತೆ. ಬೆಸುಗೆ ಇಲ್ಲದಿದ್ದರೆ ರಬ್ಬರ್ ಒಂದು ಕಡೆ, ಪ್ಲಾಸ್ಟಿಕ್ ಒಂದು ಕಡೆ ಆಗಿ ವಸ್ತು ಇನ್ನಷ್ಟು ಬೇಗ ಮುರಿಯುತ್ತದೆ. ಕಲಬೆರಕೆಗೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲಿದೆ. ಕಲಬೆರಕೆ ಮಾಡುವವನಿಗೆ ತೂಕ ಹೆಚ್ಚಾದರೆ ಸಾಕು. ಇಲ್ಲಿ ಕಣ ಎಷ್ಟು ದಪ್ಪ, ಎಷ್ಟು ದೂರ, ಎಷ್ಟು ಬಿಗಿಯಾಗಿ ಅಂಟಿದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಆ ಬಿಳಿ ಗೆರೆ ಏನು?

ಈಗ ಫಾರ್ವರ್ಡ್‌ನ ಮುಖ್ಯ ಆರೋಪಕ್ಕೆ ಬರೋಣ. ಹಿಪ್ಸ್ ಹಾಳೆಯನ್ನು ಬಾಗಿಸಿದರೆ ಮಡಿಕೆಯಲ್ಲಿ ಬಿಳಿ ಗೆರೆ ಮೂಡುವುದು ನಿಜ. ಬ್ರಿಟನ್ನಿನ ಬಕ್ನಲ್ ಮತ್ತು ಸ್ಮಿತ್ ಎಂಬ ಸಂಶೋಧಕರು 1965ರಲ್ಲಿ ಬರೆದ ಹೆಸರಾಂತ ಪ್ರಬಂಧದ ವಿಷಯವೇ ಈ ಬಿಳಿ ಗೆರೆ. ಅದಕ್ಕೂ ಮೊದಲು, ರಬ್ಬರ್ ತಾನೇ ಹಿಗ್ಗಿ ಪೆಟ್ಟಿನ ಶಕ್ತಿಯನ್ನೆಲ್ಲ ನುಂಗುತ್ತದೆ ಎಂದು ಊಹಿಸಲಾಗಿತ್ತು. ನನ್ನ ಊಹೆಯೂ ಅದೇ ಆಗಿತ್ತು, ನಿಮ್ಮದೂ ಅದೇ ಇರಬಹುದು. ಆದರೆ ರಬ್ಬರ್ ನೇರವಾಗಿ ನುಂಗುವ ಶಕ್ತಿ ತೀರಾ ಕಡಿಮೆ. ಹೆಚ್ಚಿನ ಕೆಲಸ ಮಾಡುವುದು ಸುತ್ತಲಿನ ಪೆಡಸು ಪ್ಲಾಸ್ಟಿಕ್ಕೇ. ರಬ್ಬರ್ ಅದರಿಂದ ಆ ಕೆಲಸ ಮಾಡಿಸುತ್ತದೆ.

ಹೇಗೆ? ಮೆತ್ತಗಿನ ಕಣ ಬಲವನ್ನು ಹೊರುವುದಿಲ್ಲ, ಹಾಗಾಗಿ ಅದರ ಅಕ್ಕಪಕ್ಕದ ಗಟ್ಟಿ ಪ್ಲಾಸ್ಟಿಕ್ ಮೇಲೆ ಹೆಚ್ಚು ಬಲ ಬೀಳುತ್ತದೆ. ಅಲ್ಲಿ ಕ್ರೇಜ್ ಎಂಬ ಒಂದು ವಿಚಿತ್ರ ರಚನೆ ಹುಟ್ಟುತ್ತದೆ. ನೋಡಲು ಬಿರುಕಿನ ಹಾಗೇ ಇದ್ದರೂ ಅದು ಬಿರುಕಲ್ಲ. ಹಲಸಿನ ಹಣ್ಣು ಬಿಡಿಸುವಾಗ ಎರಡು ಬೆರಳ ನಡುವೆ ಮೇಣದ ಎಳೆಗಳು ಹಿಗ್ಗುತ್ತವಲ್ಲ, ಹಾಗೆ ಕ್ರೇಜ್‌ನ ಎರಡು ದಡಗಳ ನಡುವೆ ಪ್ಲಾಸ್ಟಿಕ್‌ನ ಅತಿ ನವಿರಾದ ಸಾವಿರಾರು ಎಳೆಗಳು ಹಿಗ್ಗಿ ನಿಂತಿರುತ್ತವೆ. ನಡುವೆ ಸುಮಾರು ಅರ್ಧದಷ್ಟು ಖಾಲಿ ಜಾಗ. ಎಳೆಗಳು ಹಿಡಿದಿರುವುದರಿಂದ ವಸ್ತು ಕಳಚಿ ಬೀಳುವುದಿಲ್ಲ, ಮತ್ತು ಒಂದೊಂದು ಎಳೆ ಹಿಗ್ಗುವುದಕ್ಕೂ ಪೆಟ್ಟಿನ ಶಕ್ತಿ ಖರ್ಚಾಗುತ್ತದೆ.

ಸಾದಾ ಪಾಲಿಸ್ಟೈರೀನ್‌ನಲ್ಲೂ ಕ್ರೇಜ್ ಹುಟ್ಟುತ್ತದೆ. ಆದರೆ ಅಲ್ಲೊಂದು ಇಲ್ಲೊಂದು. ಅವುಗಳಲ್ಲಿ ಒಂದು ಉದ್ದಕ್ಕೆ ಬೆಳೆದು, ಎಳೆಗಳು ಹರಿದು, ನಿಜವಾದ ಬಿರುಕಾಗಿ ಕಥೆ ಮುಗಿಯುತ್ತದೆ. ಹಿಪ್ಸ್‌ನಲ್ಲಿ ಲೆಕ್ಕವಿಲ್ಲದಷ್ಟು ಕಣಗಳ ಬಳಿ ಒಟ್ಟೊಟ್ಟಿಗೆ ಕ್ರೇಜ್‌ಗಳು ಹುಟ್ಟುತ್ತವೆ. ಪ್ರತಿಯೊಂದೂ ಸ್ವಲ್ಪ ದೂರ ಹೋಗಿ ಮುಂದಿನ ರಬ್ಬರ್ ಕಣಕ್ಕೆ ತಗುಲಿ ನಿಲ್ಲುತ್ತದೆ. ಒಂದು ದೊಡ್ಡ ಗಾಯದ ಬದಲು ಲಕ್ಷ ಸಣ್ಣ ಗಾಯ. ಕೆರೆಯ ತೂಬುಗಳು ಎಂದೆನಲ್ಲ, ಇವೇ ಅವು.

ಈ ಖಾಲಿ ಜಾಗಗಳು ಬೆಳಕನ್ನು ಎಲ್ಲ ದಿಕ್ಕಿಗೂ ಚದುರಿಸುತ್ತವೆ, ಆದ್ದರಿಂದ ಬಿಳಿಯಾಗಿ ಕಾಣುತ್ತದೆ. ಸೋಪಿನ ನೀರಿಗೆ ಬಣ್ಣವಿಲ್ಲ, ಗಾಳಿಗೂ ಬಣ್ಣವಿಲ್ಲ, ಆದರೂ ನೊರೆ ಬಿಳಿ. ಕಲ್ಲುಸಕ್ಕರೆ ಪಾರದರ್ಶಕ, ಕುಟ್ಟಿದರೆ ಬಿಳಿ ಪುಡಿ. ಅಲ್ಲಿ ಯಾರೂ ಸುಣ್ಣ ಬೆರೆಸಿರುವುದಿಲ್ಲ. ಬಿಳಿ ಗೆರೆ ಎಂದರೆ ವಸ್ತು ಮುರಿಯದೆ ಪೆಟ್ಟನ್ನು ಹಂಚಿಕೊಂಡಿದೆ ಎಂದರ್ಥ.

ಇಲ್ಲಿ ಫಾರ್ವರ್ಡ್‌ಗೆ ಸಲ್ಲಬೇಕಾದ ಪಾಲನ್ನೂ ಕೊಡಬೇಕು. ಅಗ್ಗದ ಕುರ್ಚಿ, ಸ್ಟೂಲುಗಳ ಪ್ಲಾಸ್ಟಿಕ್‌ಗೆ ಸುಣ್ಣದ ಕಲ್ಲಿನ ಪುಡಿ ಬೆರೆಸುವುದುಂಟು. ಬಾಗಿಸಿದಾಗ ಪುಡಿಯ ಕಣ ಪ್ಲಾಸ್ಟಿಕ್‌ನಿಂದ ಬಿಟ್ಟುಕೊಂಡು, ಅಲ್ಲೂ ಸಂದಿ ಬಿದ್ದು ಬಿಳಿಯಾಗುತ್ತದೆ. ಒಳ್ಳೆಯ ಬಕೆಟ್ಟಿನ ಪಾಲಿಪ್ರೊಪಿಲೀನ್ ಕೂಡ ಬಿಳಿಯಾಗುತ್ತದೆ. ಅಂದರೆ ಒಳ್ಳೆಯದೂ ಕೆಟ್ಟದೂ ಎರಡೂ ಬಿಳಿಯಾಗುವಾಗ, ಬಿಳಿ ಗೆರೆಯನ್ನು ನೋಡಿ ಯಾವುದನ್ನೂ ನಿರ್ಧರಿಸಲಾಗದು. ಬಿಳಿಯಾಗದೆ ಟಕ್ಕೆಂದು ಮುರಿಯುವುದೇ ಅಸಲಿ ಎಂದು ನಂಬಿದರಂತೂ ಪೂರ್ತಿ ಉಲ್ಟಾ.

ಎಬಿಎಸ್ ಮತ್ತು ಅದರ ನೆಂಟರು

ಎಬಿಎಸ್ 1950ರ ದಶಕದಲ್ಲಿ ಮಾರುಕಟ್ಟೆಗೆ ಬಂತು. ಇದರಲ್ಲಿ ರಬ್ಬರ್ ಹಿಪ್ಸ್‌ಗಿಂತ ಹೆಚ್ಚು, ಕಣಗಳು ಸಾಮಾನ್ಯವಾಗಿ ಚಿಕ್ಕವು. ಹಿಪ್ಸ್‌ನ ಕಣ ಸುಮಾರು 1ರಿಂದ 5 ಮೈಕ್ರಾನ್ ಇರುತ್ತದೆ. ತಲೆಗೂದಲಿನ ದಪ್ಪ ಹೆಚ್ಚುಕಡಿಮೆ 70 ಮೈಕ್ರಾನ್ ಎಂದರೆ ಅಳತೆ ಅಂದಾಜಾದೀತು. ಎಬಿಎಸ್‌ನ ಬಹಳಷ್ಟು ಕಣಗಳು 1 ಮೈಕ್ರಾನಿಗಿಂತಲೂ ಚಿಕ್ಕವು. ಇಲ್ಲಿ ಕ್ರೇಜ್ ಜೊತೆಗೆ ಇನ್ನೊಂದು ಆಟವೂ ನಡೆಯುತ್ತದೆ. ಪೆಟ್ಟು ಬಿದ್ದಾಗ ಕಣ ತನ್ನೊಳಗೇ ಒಂದು ತೂತು ಮಾಡಿಕೊಳ್ಳುತ್ತದೆ. ಆಗ ಸುತ್ತಲಿನ ಪ್ಲಾಸ್ಟಿಕ್‌ನ ಬಿಗಿ ಸಡಿಲವಾಗಿ, ಅದು ಒಡೆಯುವ ಬದಲು ಜಾರಿ ಹರಿಯುತ್ತದೆ.

ಲೆಗೊ ಇಟ್ಟಿಗೆಗಳನ್ನು ನೋಡಿದ್ದೀರಲ್ಲ, ಅವನ್ನು 1963ರಿಂದ ಎಬಿಎಸ್‌ನಲ್ಲೇ ಮಾಡಲಾಗುತ್ತಿದೆ. ಸೂಟ್‌ಕೇಸ್, ಮಿಕ್ಸಿಯ ಕವಚ, ಕೀಬೋರ್ಡ್, ಸ್ಕೂಟರಿನ ಮೈಭಾಗಗಳಲ್ಲೂ ಇದು ಸಾಮಾನ್ಯ. ನಿಮ್ಮ ಮನೆಯ ರಿಮೋಟಿನ ಬ್ಯಾಟರಿ ಮುಚ್ಚಳ ತೆಗೆದು ಒಳಗೆ ನೋಡಿ, ಅಥವಾ ಮಿಕ್ಸಿ ತಿರುಗಿಸಿ ಅಡಿಭಾಗ ನೋಡಿ. ಎಷ್ಟೋ ವಸ್ತುಗಳಲ್ಲಿ ಎರಡು ಬಾಣದ ಗುರುತುಗಳ ನಡುವೆ ಇಂಗ್ಲಿಷ್ ಅಕ್ಷರಗಳಲ್ಲಿ ಎಬಿಎಸ್ ಎಂದೋ, ಪಿಸಿ ಪ್ಲಸ್ ಎಬಿಎಸ್ ಎಂದೋ ಉಬ್ಬಚ್ಚು ಇರುತ್ತದೆ. ಪಿಸಿ ಎಂದರೆ ಪಾಲಿಕಾರ್ಬೊನೇಟ್. ಇದೇನೂ ಮುಚ್ಚಿಟ್ಟ ವಿಷಯವಲ್ಲ, ಮೈಮೇಲೇ ಬರೆದಿದೆ.

ಕಾರಿನ ಬಂಪರ್ ಸಾಮಾನ್ಯವಾಗಿ ರಬ್ಬರ್ ಬೆರೆಸಿದ ಪಾಲಿಪ್ರೊಪಿಲೀನ್. ನೈಲಾನ್‌ನಲ್ಲಿ ಕಣದ ಗಾತ್ರಕ್ಕಿಂತ ಎರಡು ಕಣಗಳ ನಡುವಿನ ಅಂತರ ಮುಖ್ಯ, ಅದು ಸುಮಾರು 0.3 ಮೈಕ್ರಾನಿಗಿಂತ ಕಡಿಮೆಯಾದೊಡನೆ ವಸ್ತು ಪೆಡಸುತನ ಬಿಡುತ್ತದೆ ಎಂದು ಡ್ಯುಪಾಂಟ್ ಕಂಪನಿಯ ಸೌಹೆಂಗ್ ವು 1985ರಲ್ಲಿ ತೋರಿಸಿದರು. ಎಪಾಕ್ಸಿ ಅಂಟುಗಳಿಗೂ ಇದೇ ಚಿಕಿತ್ಸೆ ಉಂಟು.

ಆಹಾರದ ಡಬ್ಬಿಯ ಬಗ್ಗೆ ಆತಂಕ ಇರುವವರಿಗೆ ಒಂದು ಮಾತು. ಆಹಾರದ ಸಂಪರ್ಕಕ್ಕೆ ಬರುವ ಪಾಲಿಸ್ಟೈರೀನ್‌ಗಾಗಿ ಐಎಸ್ 10142 ಎಂಬ ಭಾರತೀಯ ಮಾನಕವಿದೆ. ಸಾದಾ ಪಾಲಿಸ್ಟೈರೀನ್, ರಬ್ಬರ್ ಸೇರಿದ ಹೈ ಇಂಪ್ಯಾಕ್ಟ್ ಬಗೆ ಎರಡನ್ನೂ ಅದು ಒಳಗೊಂಡಿದೆ. ರಬ್ಬರ್ ಇದೆ ಎಂಬ ಒಂದೇ ಕಾರಣಕ್ಕೆ ಅದು ವಿಷವಾಗುವುದಿಲ್ಲ. ಹಾಗೆಂದು ಕುದಿಯುವ ಸಾರನ್ನು ಅದಕ್ಕೆ ಸುರಿಯಲೂಬೇಡಿ, ಪಾಲಿಸ್ಟೈರೀನ್ 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಮೆತ್ತಗಾಗುತ್ತದೆ.

ರಬ್ಬರ್ ಸೇರಿಸಿದರೆ ನಷ್ಟವೂ ಇದೆ. ವಸ್ತು ಸ್ವಲ್ಪ ಮೆದುವಾಗುತ್ತದೆ, ಹೆಚ್ಚು ಬಾಗುತ್ತದೆ, ಬೇಗ ಗೀರು ಬೀಳುತ್ತದೆ. ಪಾರದರ್ಶಕತೆ ಹೋಗಿ ಹಾಲಿನ ಬಣ್ಣ ಬರುತ್ತದೆ, ಏಕೆಂದರೆ ರಬ್ಬರ್ ಮತ್ತು ಪ್ಲಾಸ್ಟಿಕ್ ಬೆಳಕನ್ನು ಬೇರೆ ಬೇರೆ ರೀತಿ ಬಾಗಿಸುತ್ತವೆ. ‘ಕನ್ನಡಿಯ ಹಾಗೆ ತಿಳಿಯಾಗಿದ್ದರೆ ಶುದ್ಧ’ ಎಂಬ ನಂಬಿಕೆ ಬಂದಿರುವುದು ಬಹುಶಃ ಇಲ್ಲಿಂದಲೇ. ಶುದ್ಧವೇನೋ ಹೌದು, ಜಾಮಿಟ್ರಿ ಬಾಕ್ಸಿನ ಸ್ಕೇಲ್ ಇದ್ದಷ್ಟು ಶುದ್ಧ.

ಹೆಲ್ಮೆಟ್‌ಗೆ ಬರೋಣ

ಹೆಲ್ಮೆಟ್ಟಿನ ಹೊರಚಿಪ್ಪನ್ನು ಎಬಿಎಸ್, ಪಾಲಿಕಾರ್ಬೊನೇಟ್ ಅಥವಾ ಫೈಬರ್‌ಗ್ಲಾಸ್‌ನಲ್ಲಿ ಮಾಡುತ್ತಾರೆ. ಒಳಗೆ ಥರ್ಮಾಕೋಲಿನ ದಪ್ಪ ಪದರ. ರಸ್ತೆ ಬದಿಯಲ್ಲಿ ಹೆಲ್ಮೆಟ್ ಮಾರುವವರು ಅದನ್ನು ಕಲ್ಲಿಗೆ ಕುಟ್ಟಿ, ಮೇಲೆ ನಿಂತು ತೋರಿಸುವ ವಿಡಿಯೊಗಳು ಓಡಾಡುತ್ತಿರುತ್ತವೆ. ಒಡೆಯದಿರುವುದು ಒಳ್ಳೆಯದೇ. ಆದರೆ ತಲೆ ಉಳಿಯಬೇಕಾದರೆ ಅಷ್ಟೇ ಸಾಲದು.

ಒಂದು ಸುಲಭ ಲೆಕ್ಕ ನೋಡಿ. ತಲೆ 1.5 ಮೀಟರ್ ಎತ್ತರದಿಂದ ನೆಲಕ್ಕೆ ಬಡಿಯಿತು ಎಂದುಕೊಳ್ಳಿ. ಒಳಗಿನ ಪದರ 25 ಮಿಲಿಮೀಟರ್ ಕುಗ್ಗುತ್ತಾ ತಲೆಯನ್ನು ನಿಲ್ಲಿಸಿದರೆ, 1500ನ್ನು 25ರಿಂದ ಭಾಗಿಸಿ. ಗುರುತ್ವಾಕರ್ಷಣೆಯ ಸರಾಸರಿ 60 ಪಟ್ಟು ವೇಗತಡೆಯನ್ನು ತಲೆ ಅನುಭವಿಸುತ್ತದೆ. ಕುಗ್ಗದ ಗಟ್ಟಿ ಟೋಪಿಯೊಳಗೆ ತಲೆ 2 ಮಿಲಿಮೀಟರಿನಲ್ಲೇ ನಿಂತರೆ 750 ಪಟ್ಟು. ಸುಲಿಯದ ತೆಂಗಿನಕಾಯಿ ಮರದಿಂದ ಬಿದ್ದರೂ ಒಳಗಿನ ಕರಟ ಉಳಿಯುತ್ತದೆ, ಸುಲಿದ ಕಾಯಿ ಕೈಯಿಂದ ಜಾರಿದರೂ ಒಡೆಯುತ್ತದೆ. ಕರಟದ ಗಟ್ಟಿತನ ಎರಡರಲ್ಲೂ ಒಂದೇ, ಸಿಪ್ಪೆಯಲ್ಲಿ ವ್ಯತ್ಯಾಸ.

ಹಾಗಾದರೆ ಹೊರಚಿಪ್ಪಿನ ಕೆಲಸವೇನು? ಒಂದೇ ಬಿಂದುವಿಗೆ ಬಿದ್ದ ಪೆಟ್ಟನ್ನು ಥರ್ಮಾಕೋಲಿನ ಅಗಲಕ್ಕೂ ಹರಡುವುದು, ಚೂಪಾದ ಕಲ್ಲು ಒಳನುಗ್ಗದಂತೆ ತಡೆಯುವುದು, ಮತ್ತು ಆ ಅರೆಕ್ಷಣದಲ್ಲಿ ತಾನು ಚೂರಾಗದಿರುವುದು. ರಬ್ಬರ್ ಇಲ್ಲದ ಪೆಡಸು ಚಿಪ್ಪು ಮೊದಲ ಪೆಟ್ಟಿಗೇ ಚೂರಾದರೆ ಥರ್ಮಾಕೋಲ್ ಒಂದೇ ಜಾಗದಲ್ಲಿ ಕುಸಿಯುತ್ತದೆ, ಆಮೇಲೆ ತಲೆಗೂ ರಸ್ತೆಗೂ ನಡುವೆ ಏನೂ ಉಳಿಯುವುದಿಲ್ಲ. ಚಿಕ್ಕಪ್ಪನಿಗೆ ನಾನು ಹೇಳಿದ್ದು ಇಷ್ಟೇ, ನೀವು ಬೇಡ ಎನ್ನುತ್ತಿರುವ ರಬ್ಬರ್ ಆ ಚಿಪ್ಪು ಚೂರಾಗದ ಹಾಗೆ ನೋಡಿಕೊಳ್ಳುತ್ತದೆ.

‘ಸರಿ ಹಾಗಾದ್ರೆ, ನನ್ನ ಹಳೇ ಹೆಲ್ಮೆಟ್ಟೂ ಎಬಿಎಸ್ಸೇ. ಒಡೆದಿಲ್ಲವಲ್ಲ, ಹೊಸದು ಯಾಕೆ?’ ಎಂದರು. ನಿಜ ಹೇಳಬೇಕೆಂದರೆ ಇದು ಅವರ ಮೊದಲ ಪ್ರಶ್ನೆಗಿಂತ ಒಳ್ಳೆಯ ಪ್ರಶ್ನೆ.

ರಬ್ಬರಿಗೂ ವಯಸ್ಸಾಗುತ್ತದೆ

ಎಬಿಎಸ್‌ನ ದುರ್ಬಲ ಜಾಗವೂ ಅದರ ರಬ್ಬರೇ. ಬ್ಯುಟಡೈಯೀನ್ ರಬ್ಬರಿನ ಅಣುಗಳಲ್ಲಿ ಜೋಡಿ ಬಂಧಗಳಿವೆ. ಬಿಸಿಲಿನ ಅತಿನೇರಳೆ ಕಿರಣ ಮತ್ತು ಗಾಳಿಯ ಆಮ್ಲಜನಕ ಸೇರಿ ಮೊದಲು ಹಿಡಿಯುವುದು ಇವನ್ನೇ. ವರ್ಷಗಟ್ಟಲೆ ಬಿಸಿಲು ಬಿದ್ದರೆ ಮೇಲ್ಮೈಯ ರಬ್ಬರ್ ತನ್ನ ಮೆತ್ತಗಿನ ಗುಣ ಕಳೆದುಕೊಂಡು ಪೆಡಸಾಗುತ್ತದೆ. ಹಳೆಯ ಕೀಬೋರ್ಡ್‌ಗಳು ಹಳದಿಗಟ್ಟಿರುವುದನ್ನು ನೋಡಿರುತ್ತೀರಿ, ಅದರಲ್ಲಿ ಈ ಕ್ರಿಯೆಯ ಪಾಲೂ ಇದೆ.

ಹಾಳಾಗುವುದು ಮೇಲಿನ ತೆಳು ಪದರ ಮಾತ್ರ, ಒಳಗೆ ಚೆನ್ನಾಗೇ ಇರುತ್ತದೆ. ಆದರೆ ಗ್ರಿಫಿತ್ ಹೇಳಿದ್ದು ನೆನಪಿದೆಯಲ್ಲ? ಪೆಟ್ಟು ಬಿದ್ದಾಗ ಆ ಪೆಡಸು ಪದರದಲ್ಲಿ ಚೂಪಾದ ಬಿರುಕು ಹುಟ್ಟಿ, ಅದೇ ವೇಗದಲ್ಲಿ ಒಳಗೂ ನುಗ್ಗಬಲ್ಲದು. ಬಣ್ಣ, ವಾರ್ನಿಷ್ ಪದರ, ಅತಿನೇರಳೆ ಕಿರಣ ತಡೆಯುವ ರಾಸಾಯನಿಕಗಳು ಇದನ್ನು ನಿಧಾನಗೊಳಿಸುತ್ತವೆ, ನಿಲ್ಲಿಸುವುದಿಲ್ಲ. ಸದಾ ಬಯಲಲ್ಲಿರುವ ವಸ್ತುಗಳಿಗೆ ಜೋಡಿ ಬಂಧ ಇಲ್ಲದ ಅಕ್ರಿಲೇಟ್ ರಬ್ಬರ್ ಬಳಸಿದ ಎಎಸ್‌ಎ ಎಂಬ ಬೇರೆ ಪ್ಲಾಸ್ಟಿಕ್ ಇದೆ. ದಿನವಿಡೀ ಬೈಕಿನ ಕನ್ನಡಿಗೆ ನೇತುಹಾಕಿದ ಹೆಲ್ಮೆಟ್ ಮೇಲೆ ಎಷ್ಟು ಬಿಸಿಲು ಬೀಳುತ್ತದೆ ಎಂಬುದನ್ನು ನೀವೇ ಯೋಚಿಸಿ.

ಎರಡನೆಯ ಶತ್ರು ದ್ರಾವಕಗಳು. ನೇಲ್ ಪಾಲಿಶ್ ತೆಗೆಯಲು ಬಳಸುವ ಅಸಿಟೋನ್ ಎಬಿಎಸ್ಸನ್ನು ಕರಗಿಸಿಬಿಡುತ್ತದೆ. ಪೆಟ್ರೋಲ್ ಒಳಗಿನ ಥರ್ಮಾಕೋಲನ್ನು ತಿನ್ನುತ್ತದೆ. ಪಾಲಿಕಾರ್ಬೊನೇಟ್ ಚಿಪ್ಪಿಗೂ ಥಿನ್ನರ್ ಆಗದು. ಮೇಲೆ ಏನೂ ಕಾಣಿಸದಿದ್ದರೂ ದ್ರಾವಕ ಒಳಗಿಳಿದು, ಅಚ್ಚು ಹೊಯ್ಯುವಾಗ ಉಳಿದುಕೊಂಡ ಬಿಗಿಯ ಜಾಗಗಳಲ್ಲಿ ನವಿರಾದ ಬಿರುಕುಗಳನ್ನು ಹುಟ್ಟಿಸುತ್ತದೆ. ಫ್ರಿಜ್ಜಿನ ಒಳಗೋಡೆ ಎಣ್ಣೆ, ಬೆಣ್ಣೆ ತಾಗಿದ ಕಡೆ ಬಿರುಕು ಬಿಡುವುದಕ್ಕೂ ಇದೇ ಬಗೆಯ ಕಾರಣ. ‘ಹೆಲ್ಮೆಟ್ ಹೊಳೆಯಬೇಕೆ? ಪೆಟ್ರೋಲಿನಲ್ಲಿ ಒರೆಸಿ’ ಎಂಬಂಥ ಸಲಹೆ ಕಂಡರೆ ದಯವಿಟ್ಟು ಅದನ್ನು ಅಲ್ಲೇ ನಿಲ್ಲಿಸಿ. ಸೌಮ್ಯ ಸೋಪು, ನೀರು ಸಾಕು. ಕಂಪನಿ ಒಪ್ಪದ ಬಣ್ಣ ಬಳಿಸುವುದು, ಗಮ್ ಹಾಕಿ ಸ್ಟಿಕ್ಕರ್ ಅಂಟಿಸುವುದು ಬೇಡ ಎಂದು ಹೆಲ್ಮೆಟ್ಟಿನ ಒಳಗಿನ ಚೀಟಿಯಲ್ಲಿ ಬರೆದಿರುವುದೂ ಇದಕ್ಕೇ.

ಮೂರನೆಯದು, ಒಮ್ಮೆ ಬಿದ್ದ ಹೆಲ್ಮೆಟ್. ಕ್ರೇಜ್ ಎಂದರೆ ಖರ್ಚಾದ ಹಣದ ಹಾಗೆ, ಹಿಗ್ಗಿದ ಎಳೆ ಮತ್ತೆ ಮೊದಲಿನಂತೆ ಸುತ್ತಿಕೊಳ್ಳುವುದಿಲ್ಲ. ಕುಗ್ಗಿದ ಥರ್ಮಾಕೋಲೂ ಪೂರ್ತಿ ಉಬ್ಬುವುದಿಲ್ಲ. ಕಪ್ಪು ಬಣ್ಣದ ಚಿಪ್ಪಿನಲ್ಲಿ ಒಳಗಿನ ಬಿಳಿ ಗೆರೆ ಕಾಣುವುದೂ ಇಲ್ಲ. ಅಪಘಾತದಲ್ಲಿ ಪೆಟ್ಟು ತಿಂದು ನಿಮ್ಮನ್ನು ಉಳಿಸಿದ ಹೆಲ್ಮೆಟ್ ನೋಡಲು ಚೆನ್ನಾಗಿಯೇ ಇರಬಹುದು, ಆದರೆ ಅದರ ಕೆಲಸ ಮುಗಿದಿದೆ. ಅಂಗಡಿಯಲ್ಲಿ ಕಲ್ಲಿಗೆ ಕುಟ್ಟಿ ‘ಟೆಸ್ಟ್’ ಮಾಡಿದ ಹೆಲ್ಮೆಟ್ಟನ್ನೇ ಕೊಂಡು ತರುವುದು ಯಾಕೆ ತಪ್ಪು ಎಂದು ಈಗ ನಿಮಗೇ ಗೊತ್ತಾಗಿರಬೇಕು.

ಹಾಗಾದರೆ ನೋಡಿ ಕೊಳ್ಳುವುದು ಹೇಗೆ? ಬಾಗಿಸಿ, ಕುಟ್ಟಿ, ಮೇಲೆ ನಿಂತು ಮನೆಯಲ್ಲಿ ಪರೀಕ್ಷಿಸಲು ಆಗುವುದಿಲ್ಲ. ದ್ವಿಚಕ್ರ ವಾಹನ ಸವಾರರ ಹೆಲ್ಮೆಟ್‌ಗೆ ಇರುವ ಭಾರತೀಯ ಮಾನಕ ಐಎಸ್ 4151. ಹೆಲ್ಮೆಟ್ಟುಗಳನ್ನು ಬಿಸಿಯಲ್ಲೂ ತಣ್ಣಗೂ ಇಟ್ಟು ಪೆಟ್ಟು ಕೊಟ್ಟು, ಒಳಗಿನ ತಲೆಯಾಕಾರಕ್ಕೆ ಎಷ್ಟು ಹೊಡೆತ ತಲುಪಿತು ಎಂದು ಅಳೆಯುವುದು ಅದರ ಭಾಗ. 2021ರ ಜೂನ್ 1ರಿಂದ ಈ ಗುರುತಿಲ್ಲದ ಹೆಲ್ಮೆಟ್ ತಯಾರಿಸಿ ಮಾರುವಂತಿಲ್ಲ. ಐಎಸ್‌ಐ ಗುರುತಿನ ಸ್ಟಿಕ್ಕರನ್ನೂ ನಕಲಿ ಮಾಡುತ್ತಾರಲ್ಲ ಎಂದರೆ, ಗುರುತಿನ ಜೊತೆ ಒಂದು ಪರವಾನಗಿ ಸಂಖ್ಯೆ ಇರುತ್ತದೆ. ಬಿಐಎಸ್ ಕೇರ್ ಎಂಬ ಸರ್ಕಾರಿ ಆ್ಯಪ್‌ನಲ್ಲಿ ಅದನ್ನು ಹಾಕಿ ನೋಡಿದರೆ ಯಾವ ಕಂಪನಿಗೆ, ಯಾವ ವಸ್ತುವಿಗೆ ಕೊಟ್ಟ ಪರವಾನಗಿ, ಅದು ಇನ್ನೂ ಚಾಲ್ತಿಯಲ್ಲಿದೆಯೇ ಎಂದು ತೋರಿಸುತ್ತದೆ. ಅಂಗಡಿಯಲ್ಲಿ ನಿಂತೇ ಮಾಡಬಹುದು, ಎರಡು ನಿಮಿಷದ ಕೆಲಸ.

ಚಿಕ್ಕಪ್ಪ ಹಾಗೆ ನೋಡಿಯೇ ಹೊಸದು ತಂದರು, ಎಬಿಎಸ್‌ದೇ. ಹಳೆಯದನ್ನು ತಿರುಗಿಸಿ ನೋಡಿದಾಗ ಅಂಚಿನುದ್ದಕ್ಕೂ ಕೂದಲೆಳೆಯಂಥ ಗೆರೆಗಳಿದ್ದವು, ಬಣ್ಣ ಮಾಸಿತ್ತು. ಅದನ್ನು ಗುಜರಿಗೆ ಕೊಡುವ ಮುಂಚೆ ಗಲ್ಲದ ಪಟ್ಟಿಯನ್ನು ಕತ್ತರಿಸಿಬಿಡಿ ಎಂದು ಹೇಳಿದೆ, ಇಲ್ಲದಿದ್ದರೆ ಒರೆಸಿ ಬಣ್ಣ ಬಳಿದು ಇನ್ಯಾರಿಗೋ ಮಾರಿಬಿಡಬಹುದು.